ನೆಂಟರಿಗೆ ಜಾಗ ಇದೆ, ಕಾಗದ ಇಲ್ಲ

2023ರ ನವೆಂಬರ್ 12, ದೀಪಾವಳಿ. ನಮ್ಮ ಕಡೆ ಪಟಾಕಿ ಸದ್ದು ಕೇಳುತ್ತಿದ್ದ ಹೊತ್ತಿಗೆ ಮಿಜೋರಾಂನ ಪೂರ್ವದ ಅಂಚಿನಲ್ಲಿರುವ ಝೋಖಾವ್ತಾರ್ ಎಂಬ ಊರಿನವರಿಗೆ ಕೇಳಿಸಿದ್ದು ಗುಂಡಿನ ಸದ್ದು. ಊರಿನ ಪಕ್ಕದಲ್ಲೇ ತಿಯಾವ್ ಹೊಳೆ. ಹೊಳೆಯಾಚೆ ಮ್ಯಾನ್ಮಾರ್‌ನ ಚಿನ್ ರಾಜ್ಯ. ಅಲ್ಲಿನ ರಿಖಾವ್ದಾರ್ ಮತ್ತು ಖಾವ್ಮಾವಿ ಸೇನಾ ಶಿಬಿರಗಳ ಮೇಲೆ ಸೇನಾಡಳಿತದ ವಿರೋಧಿಗಳು ದಾಳಿ ಮಾಡಿದ್ದರು. ಸೇನೆ ವಿಮಾನದಿಂದ ಬಾಂಬ್ ಹಾಕಿತು. ಒಂದೆರಡು ದಿನದಲ್ಲಿ ಸುಮಾರು 5,000 ಜನ ಹೊಳೆ ದಾಟಿ ಈ ಒಂದು ಊರಿಗೆ ಬಂದುಬಿಟ್ಟರು. 2021ರಿಂದ ಬಂದು ಸೇರಿದ್ದ ಸಾವಿರಾರು ಜನ ಅಲ್ಲಿ ಮೊದಲೇ ಇದ್ದರು.

ಅವರ ಜೊತೆಗೇ ಸೋತ ಸೈನಿಕರೂ ಹತ್ತಾರು ಮಂದಿ ಓಡಿ ಬಂದರು. ಆಮೇಲೆ ನಡೆದದ್ದನ್ನು ಗಮನಿಸಿ. ಸೈನಿಕರನ್ನು ಭಾರತ ಕೆಲವೇ ದಿನಗಳಲ್ಲಿ ಮಣಿಪುರದ ಮೋರೆ ಗಡಿಯ ಮೂಲಕ ವಾಪಸ್ ಕಳಿಸಿತು. ಅವರ ಹೆಸರು, ಹುದ್ದೆ, ಅವರನ್ನು ಕೇಳುವ ಒಂದು ಸರ್ಕಾರ, ಎಲ್ಲವೂ ಇತ್ತು. ಬಾಂಬಿಗೆ ಹೆದರಿ ಬಂದ ಹೆಂಗಸರು, ಮಕ್ಕಳು, ಮುದುಕರ ಲೆಕ್ಕ ಮಾತ್ರ ಯಾವ ದೊಡ್ಡ ಕಚೇರಿಯ ಮೇಜಿನ ಮೇಲೂ ಸರಿಯಾಗಿ ಕೂರಲಿಲ್ಲ. ಅದು ಕೂತದ್ದು ಝೋಖಾವ್ತಾರ್‌ನ ಗ್ರಾಮ ಮಂಡಳಿಯ ಪುಸ್ತಕದಲ್ಲಿ.

ಝೋಖಾವ್ತಾರ್ ಎಂದರೆ ಝೋ ಜನರ ಹೊಸ ಊರು. ನಮ್ಮ ಹೊಸಹಳ್ಳಿ, ಹೊಸೂರುಗಳ ಹಾಗೆ. ಜಿಲ್ಲಾ ಕೇಂದ್ರ ಚಂಫಾಯ್‌ನಿಂದ ಹತ್ತಿರತ್ತಿರ 30 ಕಿಲೋಮೀಟರ್. ರಾಜಧಾನಿ ಐಜಾಲ್‌ನಿಂದ ಚಂಫಾಯ್‌ಗೇ ಗುಡ್ಡದ ದಾರಿಯಲ್ಲಿ ಹೆಚ್ಚುಕಡಿಮೆ ಒಂದು ಇಡೀ ದಿನ ಬೇಕು. ಊರಿನ ಕೊನೆಗೊಂದು ಸೇತುವೆ. 2015ರಲ್ಲಿ ಇಲ್ಲಿ ಸುಂಕದ ಠಾಣೆ ತೆರೆದರು. ವ್ಯಾಪಾರದ ಹೆಬ್ಬಾಗಿಲಾಗಬೇಕೆಂಬ ಆಸೆ ಇತ್ತು. ಬೇಸಿಗೆಯಲ್ಲಿ ಸೇತುವೆಯೇ ಬೇಕಿಲ್ಲ, ಹೊಳೆಯಲ್ಲಿ ನಡೆದೇ ದಾಟಬಹುದು. ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಈ ಗಡಿಯ ಹೆಸರು ಗೊತ್ತಿಲ್ಲದೇ ಇದ್ದರೂ ಸರಕು ಗೊತ್ತು. ಕಳ್ಳದಾರಿಯಲ್ಲಿ ಬಂದು ನಮ್ಮ ದರ ಕೆಡಿಸುತ್ತದೆ ಎಂದು ಅವರು ಬೈಯುವ 'ಬರ್ಮಾ ಅಡಿಕೆ' ಬರುವುದು ಮಿಜೋರಾಂನ ಈ ಬದಿಯಿಂದಲೇ. ಮಾದಕ ವಸ್ತು ಕೂಡ. ಈ ಮಾತಿಗೆ ಆಮೇಲೆ ಬರುತ್ತೇನೆ.

ಮ್ಯಾನ್ಮಾರ್‌ನಲ್ಲಿ ಸೇನೆ ಅಧಿಕಾರ ಕಿತ್ತುಕೊಂಡದ್ದು 2021ರ ಫೆಬ್ರವರಿ 1ರಂದು. ಮೊದಲು ಗಡಿ ದಾಟಿದವರಲ್ಲಿ ಪೊಲೀಸರೇ ಇದ್ದರು. ಜನರ ಮೇಲೆ ಗುಂಡು ಹಾರಿಸಲು ಒಲ್ಲೆವೆಂದು ಬಂದವರು. ಅದೇ ವರ್ಷ ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಚಿನ್ ರಾಜ್ಯದ ಥಂಟ್ಲಾಂಗ್ ಪಟ್ಟಣ ಸುಟ್ಟುಹೋಯಿತು. ಸುಮಾರು 10,000 ಜನರ ಊರು ಪೂರ್ತಿ ಖಾಲಿಯಾಯಿತು. ಹೀಗೆ ಬಂದವರ ಒಟ್ಟು ಲೆಕ್ಕ ಮಿಜೋರಾಂನಲ್ಲಿ 30,000 ದಾಟಿತು. 2011ರ ಗಣತಿಯಲ್ಲಿ ಇಡೀ ಮಿಜೋರಾಂ ಜನಸಂಖ್ಯೆ 10.97 ಲಕ್ಷ. ಕರ್ನಾಟಕದ ಅಳತೆಗೆ ಇಟ್ಟು ನೋಡಿ: ನಮ್ಮ ರಾಜ್ಯಕ್ಕೆ 16-17 ಲಕ್ಷ ಜನ ಬಂದು ಇಳಿದ ಹಾಗೆ. ಇದರ ಮೇಲೆ ಬಾಂಗ್ಲಾದೇಶದ ಚಿತ್ತಗಾಂಗ್ ಗುಡ್ಡಗಳಿಂದ ಬಂದ ಬೋಮ್ ಜನ. 2023ರ ಮೇ ತಿಂಗಳ ನಂತರ ಮಣಿಪುರದಿಂದ ಓಡಿಬಂದ ಕುಕಿ-ಝೋ ಕುಟುಂಬಗಳು ಬೇರೆ.

ಇಷ್ಟು ಜನಕ್ಕೆ ಜಾಗ ಕೊಟ್ಟವರು ಯಾರು ಎಂಬಲ್ಲೇ ಈ ಕಥೆಯ ಗಂಟು ಇದೆ.

ಸರ್ಕಾರವಲ್ಲ. ಮೊದಲ ದಿನಗಳಲ್ಲಂತೂ ಅಲ್ಲ. 2021ರ ಮಾರ್ಚ್ 10ರಂದು ಕೇಂದ್ರ ಗೃಹ ಸಚಿವಾಲಯ ಮಿಜೋರಾಂ, ನಾಗಾಲ್ಯಾಂಡ್, ಮಣಿಪುರ, ಅರುಣಾಚಲ ಪ್ರದೇಶಗಳ ಮುಖ್ಯ ಕಾರ್ಯದರ್ಶಿಗಳಿಗೆ ಒಂದು ಪತ್ರ ಬರೆಯಿತು. ಸಾರ ಇಷ್ಟೇ: ಯಾರನ್ನೂ ನಿರಾಶ್ರಿತ ಎಂದು ಘೋಷಿಸುವ ಅಧಿಕಾರ ರಾಜ್ಯಗಳಿಗಿಲ್ಲ, ನಿರಾಶ್ರಿತರ ಕುರಿತ 1951ರ ಅಂತರರಾಷ್ಟ್ರೀಯ ಒಪ್ಪಂದಕ್ಕೂ 1967ರ ಅದರ ಪೂರಕ ಒಪ್ಪಂದಕ್ಕೂ ಭಾರತ ಸಹಿ ಹಾಕಿಲ್ಲ, ಅಕ್ರಮವಾಗಿ ಬರುವವರನ್ನು ತಡೆದು ವಾಪಸ್ ಕಳಿಸಿ. ಮಣಿಪುರ ಸರ್ಕಾರ ಮಾರ್ಚ್ 26ರಂದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಊಟ-ವಸತಿಗೆ ಶಿಬಿರ ತೆರೆಯಬೇಡಿ ಎಂದು ಆದೇಶಿಸಿತು. ಜನ ಉಗಿದ ಮೇಲೆ ಮೂರೇ ದಿನಕ್ಕೆ ಅದನ್ನು ವಾಪಸ್ ಪಡೆಯಿತು. ಮಿಜೋರಾಂನ ಆಗಿನ ಮುಖ್ಯಮಂತ್ರಿ ಝೋರಾಮ್‌ಥಂಗಾ ಮಾತ್ರ ಪ್ರಧಾನಿಗೆ ಪತ್ರ ಬರೆದು, ಇದನ್ನು ಮಿಜೋರಾಂ ಒಪ್ಪಲಾಗದು, ಅವರು ನಮ್ಮ ರಕ್ತಸಂಬಂಧಿಗಳು ಎಂದುಬಿಟ್ಟರು.

ಅದು ಬರೀ ಭಾಷಣದ ಮಾತಲ್ಲ. ಮಿಜೋಗಳು, ಚಿನ್‌ಗಳು, ಮಣಿಪುರದ ಕುಕಿಗಳು ತಮ್ಮನ್ನು ಒಂದೇ ಝೋ ಬಳ್ಳಿಯವರೆಂದು ಎಣಿಸುತ್ತಾರೆ. ಬ್ರಿಟಿಷರು ಎಳೆದ ಗೆರೆ ಆ ಬಳ್ಳಿಯ ನಡುವೆ ಹಾಯ್ದುಹೋಯಿತು ಅಷ್ಟೆ. ಮಿಜೋರಾಂನ ಅತಿ ದೊಡ್ಡ ಕೆರೆ ಮ್ಯಾನ್ಮಾರ್‌ನಲ್ಲಿದೆ ಎಂದು ಅಲ್ಲಿ ತಮಾಷೆ ಮಾಡುತ್ತಾರೆ. ಝೋಖಾವ್ತಾರ್‌ನಿಂದ ಹೊಳೆಯಾಚೆ ಕೆಲವೇ ಕಿಲೋಮೀಟರ್ ದೂರದಲ್ಲಿರುವ ರಿಹ್ ದಿಲ್ ಅದು. ಸತ್ತವರ ಆತ್ಮ ಆ ಕೆರೆಯನ್ನು ಹಾದೇ ಪರಲೋಕಕ್ಕೆ ಹೋಗುತ್ತದೆ ಎಂಬುದು ಕ್ರೈಸ್ತ ಧರ್ಮ ಬರುವುದಕ್ಕೂ ಹಿಂದಿನ ಮಿಜೋ ನಂಬಿಕೆ.

ಇನ್ನೊಂದು ನೆನಪು ಇದಕ್ಕಿಂತ ಹತ್ತಿರದ್ದು. 1966ರ ಮಾರ್ಚ್‌ನಲ್ಲಿ ಪ್ರತ್ಯೇಕ ದೇಶ ಬೇಕೆಂದು ಮಿಜೋ ನ್ಯಾಷನಲ್ ಫ್ರಂಟ್ ದಂಗೆ ಎದ್ದಾಗ ಭಾರತದ ವಾಯುಪಡೆ ಐಜಾಲ್ ಮೇಲೆ ಬಾಂಬ್ ಹಾಕಿತು. ಮರುವರ್ಷದಿಂದ ಸೇನೆ ಊರೂರುಗಳನ್ನೇ ಎಬ್ಬಿಸಿ ರಸ್ತೆ ಬದಿಯ ಗುಂಪು ವಸತಿಗಳಿಗೆ ಸಾಗಿಸಿತು. ಆಗ ಓಡಿದ ಮಿಜೋಗಳಿಗೆ ಅನ್ನ ಹಾಕಿದ್ದು ಇದೇ ಚಿನ್ ಗುಡ್ಡಗಳ ಜನ. 1986ರ ಶಾಂತಿ ಒಪ್ಪಂದದವರೆಗೂ ಆ ಬದುಕು ನಡೆಯಿತು. ಝೋರಾಮ್‌ಥಂಗಾ ಕೂಡ ಆ ಕಾಲದಲ್ಲಿ ಭೂಗತರಾಗಿದ್ದವರೇ. ವಿಮಾನದ ಸದ್ದಿಗೆ ಹೆದರಿ ಗಡಿ ದಾಟುವುದು ಹೇಗಿರುತ್ತದೆ ಎಂದು ಆ ರಾಜ್ಯದ ಅಜ್ಜ-ಅಜ್ಜಿಯರಿಗೆ ಯಾರೂ ಪಾಠ ಮಾಡಬೇಕಿಲ್ಲ.

ಹಾಗಾಗಿ ಕ್ಯಾಂಪ್ ಎದ್ದ ರೀತಿಯೂ ಬೇರೆ. ದೊಡ್ಡ ಬೇಲಿ, ವಿಶ್ವಸಂಸ್ಥೆಯ ನೀಲಿ ಬಾವುಟ, ಸಾಲು ಡೇರೆ, ಇಂಥದ್ದನ್ನು ಕಲ್ಪಿಸಿಕೊಳ್ಳಬೇಡಿ. ಮೊದಲು ಬಂದವರು ಮನೆಗಳಲ್ಲೇ ಉಳಿದರು. ಅತ್ತೆ ಮನೆ, ಚಿಕ್ಕಪ್ಪನ ಮನೆ, ವ್ಯಾಪಾರದ ಪರಿಚಯದವರ ಮನೆ. ಮನೆಗಳು ತುಂಬಿದ ಮೇಲೆ ಸಮುದಾಯ ಭವನ, ಶಾಲೆ, ಚರ್ಚಿನ ಕಟ್ಟಡ. ಅದೂ ತುಂಬಿದ ಮೇಲೆ ಗುಡ್ಡದ ಇಳಿಜಾರಿನಲ್ಲಿ ಬಿದಿರಿನ ತಟ್ಟಿ, ಟಾರ್ಪಾಲು, ತಗಡು. ಯಂಗ್ ಮಿಜೋ ಅಸೋಸಿಯೇಷನ್ ಎಂಬ ಸಂಘ 1935ರಿಂದ ಇದೆ. ಪ್ರತಿ ಊರಲ್ಲೂ ಅದರ ಶಾಖೆ ಇದೆ. ಸಾವಿರಲಿ, ಗುಡ್ಡ ಕುಸಿತವಿರಲಿ, ಮೊದಲು ಬರುವುದು ಅವರೇ. ಇಲ್ಲೂ ಅಕ್ಕಿ, ಹೊದಿಕೆ, ಸೌದೆ ಒಟ್ಟುಮಾಡಿದವರು ಅವರು ಮತ್ತು ಚರ್ಚುಗಳು. ತನ್ನ ಕಷ್ಟ ಹೇಳಿಕೊಳ್ಳದೆ ಇನ್ನೊಬ್ಬರಿಗೆ ಒದಗುವ ಗುಣಕ್ಕೆ ಮಿಜೋ ಭಾಷೆಯಲ್ಲಿ 'ತ್ಲೋಮ್‌ಙಾಯ್ನಾ' ಎನ್ನುತ್ತಾರೆ. ಅದನ್ನು ಕನ್ನಡಕ್ಕೆ ಒಂದೇ ಪದದಲ್ಲಿ ತರಲು ನನಗಂತೂ ಆಗಲಿಲ್ಲ.

ಆದರೆ ಅಕ್ಕಿ ಒಟ್ಟುಮಾಡುವುದು ಒಂದು ತಿಂಗಳಿಗೆ ಸುಲಭ. ಐದನೇ ವರ್ಷಕ್ಕೆ? ನೀರೇ ಮೊದಲ ತೊಂದರೆ. ಗುಡ್ಡದ ಊರುಗಳಲ್ಲಿ ಮಳೆಗಾಲ ಮುಗಿದರೆ ಊರಿನವರಿಗೇ ನೀರು ಸಾಲದು. ಅದರಲ್ಲಿ ಇನ್ನೊಂದು ಊರಿನಷ್ಟು ಜನ ಪಾಲು ಕೇಳುತ್ತಾರೆ. ಸೌದೆಗೆ ಕಾಡು. ಕೂಲಿಗೆ ರಸ್ತೆ ಕೆಲಸ, ಗದ್ದೆ ಕೆಲಸ, ಹೊರೆ ಹೊರುವುದು. ಅಲ್ಲಿ ಕಡಿಮೆ ಕೂಲಿಗೆ ಒಪ್ಪುವವರು ಜಾಸ್ತಿಯಾದರೆ ಊರಿನ ಕೂಲಿಯವನಿಗೆ ಸಿಟ್ಟು ಬರುತ್ತದೆ. ಸಹಜ ಅಲ್ವಾ? ಇದನ್ನು ಒಪ್ಪಿಕೊಳ್ಳದೆ ಬರೀ ಅತಿಥಿ ಸತ್ಕಾರದ ಬಣ್ಣ ಬಳಿಯುವ ಲೇಖನಗಳನ್ನು ಓದಿದರೆ ನನಗೆ ಕಿರಿಕಿರಿಯಾಗುತ್ತದೆ. ಊರು ಒಳ್ಳೆಯದು ಎನ್ನುವುದು ನಿಜ. ಊರು ಸುಸ್ತಾಗಿದೆ ಎನ್ನುವುದೂ ನಿಜ.

ಅಷ್ಟೇ ಅಲ್ಲ, ನೆಂಟಸ್ತಿಕೆ ಯಾವಾಗಲೂ ಕೈ ಹಿಡಿದಿಲ್ಲ. 1988ರಲ್ಲಿ ಬರ್ಮಾದ ಸೇನೆ ಚಳವಳಿಯನ್ನು ತುಳಿದ ಮೇಲೆಯೂ ಸಾವಿರಾರು ಚಿನ್‌ಗಳು ಮಿಜೋರಾಂಗೆ ಬಂದಿದ್ದರು. 2003ರಲ್ಲಿ ಒಂದು ಹುಡುಗಿಯ ಮೇಲೆ ಅತ್ಯಾಚಾರ ನಡೆದು, ಆರೋಪ ಮ್ಯಾನ್ಮಾರ್‌ನಿಂದ ಬಂದವನ ಮೇಲೆ ಬಂತು. ಆಗ ಊರು ಬಿಡಿ ಎಂದು ಚಿನ್ ಕುಟುಂಬಗಳನ್ನು ಸಾವಿರಾರು ಸಂಖ್ಯೆಯಲ್ಲಿ ಹೊರಗಟ್ಟಲಾಯಿತು. ಮುಂದೆ ನಿಂತದ್ದು ಇವತ್ತು ಅಕ್ಕಿ ಹಂಚುವ ಇದೇ ಯಂಗ್ ಮಿಜೋ ಅಸೋಸಿಯೇಷನ್. ರಕ್ತ ಆಗಲೂ ಒಂದೇ ಆಗಿತ್ತು. ಗಾಳಿ ಬದಲಾಗಿತ್ತು.

ಇನ್ನೂ ಕಹಿಯಾದ ಉದಾಹರಣೆ ಬ್ರೂ ಜನರದ್ದು. 1997ರಲ್ಲಿ ಮಿಜೋರಾಂನಿಂದಲೇ ಹಿಂಸೆಗೆ ಹೆದರಿ ಸಾವಿರಾರು ಬ್ರೂ ಕುಟುಂಬಗಳು ತ್ರಿಪುರಾಕ್ಕೆ ಓಡಿದವು. ಇಪ್ಪತ್ತಕ್ಕೂ ಹೆಚ್ಚು ವರ್ಷ ಶಿಬಿರಗಳಲ್ಲಿ ಕಳೆದವು. ಭಾರತದ ಪ್ರಜೆಗಳು, ಮತದಾರರು, ಆದರೂ ತಮ್ಮದೇ ದೇಶದಲ್ಲಿ ನೆಲೆ ತಪ್ಪಿದವರು. ಕೊನೆಗೆ 2020ರ ಜನವರಿಯಲ್ಲಿ 600 ಕೋಟಿ ರೂಪಾಯಿಯ ಪ್ಯಾಕೇಜಿನೊಂದಿಗೆ ಸುಮಾರು 34,000 ಬ್ರೂಗಳನ್ನು ತ್ರಿಪುರಾದಲ್ಲೇ ನೆಲೆಗೊಳಿಸುವ ಒಪ್ಪಂದವಾಯಿತು. ಅವರು ಝೋ ಬಳ್ಳಿಯವರಲ್ಲ ಎಂಬುದೇ ಅವರ ಕಷ್ಟದ ಬೇರು. ನೆಂಟಸ್ತಿಕೆ ಬಾಗಿಲು ತೆರೆಯುವಾಗ ಯಾರು ನೀನು ಎಂದು ಕೇಳಿಯೇ ತೆರೆಯುತ್ತದೆ. ಕಾನೂನು ಇರುವುದು ಆ ಪ್ರಶ್ನೆ ಕೇಳದೆ ತೆರೆಯಲಿಕ್ಕೆ.

ಕಾನೂನು ಏನು ಹೇಳುತ್ತದೆ ನೋಡಿದರೆ ಭಾರತದಲ್ಲಿ 'ನಿರಾಶ್ರಿತ' ಎಂಬ ವರ್ಗವೇ ಇಲ್ಲ. ಗಡಿ ದಾಟಿ ಬಂದವನು ಒಂದೋ ಕಾಗದ ಇರುವ ವಿದೇಶಿ, ಇಲ್ಲವೇ ಕಾಗದ ಇಲ್ಲದ ವಿದೇಶಿ. 1946ರ ವಿದೇಶಿಯರ ಕಾಯ್ದೆ ಹಾಗೆ ನೋಡುತ್ತಿತ್ತು. ಅದರ ಜಾಗಕ್ಕೆ ಬಂದ 2025ರ ಹೊಸ ಕಾಯ್ದೆಯೂ ನಿರಾಶ್ರಿತರಿಗೆಂದು ಬೇರೆ ಕೋಣೆ ಕಟ್ಟಿಲ್ಲ. ಪ್ರವಾಸಿ ವೀಸಾ ಮುಗಿದ ಮೇಲೂ ಉಳಿದವನಿಗೂ ಸುಟ್ಟ ಊರಿನಿಂದ ಮಗು ಎತ್ತಿಕೊಂಡು ಬಂದವಳಿಗೂ ಇರುವುದು ಒಂದೇ ಕಲಂ. ಇನ್ನೊಂದು ಸೂಕ್ಷ್ಮ ಇದೆ. ವಿದೇಶಿಯರನ್ನು ಹೊರಹಾಕುವ ಅಧಿಕಾರವನ್ನು ಕೇಂದ್ರ ರಾಜ್ಯಗಳಿಗೆ ವಹಿಸಿದೆ. ಆಶ್ರಯ ಕೊಡುವ ಅಧಿಕಾರವನ್ನು ವಹಿಸಿಲ್ಲ. ಅಂದರೆ ರಾಜ್ಯ ಕೈ ಎತ್ತಿ ದೂಡಬಹುದು, ಕೈ ಹಿಡಿದು ಕೂರಿಸುವಂತಿಲ್ಲ.

ಕೋರ್ಟುಗಳು ಸ್ವಲ್ಪ ಕಿಟಕಿ ತೆರೆದಿವೆ. ಪೂರ್ವ ಪಾಕಿಸ್ತಾನದಿಂದ ಬಂದು ಅರುಣಾಚಲದಲ್ಲಿ ನೆಲೆಸಿದ ಚಕ್ಮಾ ಜನರ ಮೊಕದ್ದಮೆಯಲ್ಲಿ 1996ರಲ್ಲೇ ಸುಪ್ರೀಂ ಕೋರ್ಟ್, ಜೀವಿಸುವ ಹಕ್ಕು ಪ್ರಜೆಗಳಿಗೆ ಮಾತ್ರವಲ್ಲ, ಈ ನೆಲದ ಮೇಲಿರುವ ಪ್ರತಿ ವ್ಯಕ್ತಿಗೂ ಇದೆ ಎಂದಿತು. ಸಂವಿಧಾನದ 21ನೇ ವಿಧಿಯಲ್ಲಿರುವ ಪದವೇ 'ವ್ಯಕ್ತಿ'. 2021ರ ಮೇ 3ರಂದು ಮಣಿಪುರ ಹೈಕೋರ್ಟ್, ಮ್ಯಾನ್ಮಾರ್‌ನಿಂದ ಬಂದ ಏಳು ಮಂದಿಗೆ ದೆಹಲಿಗೆ ಹೋಗಿ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯ ರಕ್ಷಣೆ ಕೇಳಲು ದಾರಿ ಮಾಡಿಕೊಟ್ಟಿತು. ದೆಹಲಿಗೇ ಹೋಗಬೇಕಾದದ್ದು ಏಕೆಂದರೆ ಆ ಸಂಸ್ಥೆಗೆ ಈಶಾನ್ಯದ ಗಡಿ ಊರುಗಳಲ್ಲಿ ಕೆಲಸ ಮಾಡಲು ಅವಕಾಶವಿಲ್ಲ. ಝೋಖಾವ್ತಾರ್‌ನಲ್ಲಿ ನೀಲಿ ಬಾವುಟ ಕಾಣದೇ ಇರುವುದಕ್ಕೂ ಇದೇ ಕಾರಣ.

ಕಾನೂನಿಲ್ಲದಿದ್ದರೂ ಕಾಗದ ಕೊಡಬಹುದು ಎಂಬುದಕ್ಕೆ ನಮ್ಮಲ್ಲೇ ಸಾಕ್ಷಿ ಇದೆ. ಬೈಲಕುಪ್ಪೆ. 1960ರ ದಶಕದ ಶುರುವಿನಲ್ಲಿ ಟಿಬೆಟಿನವರಿಗೆ ಆಗಿನ ಮೈಸೂರು ರಾಜ್ಯ ಜಮೀನು ಕೊಟ್ಟಿತು. ಕೇಂದ್ರ ಅವರಿಗೆ ನೋಂದಣಿ ಪತ್ರ ಕೊಟ್ಟಿತು. ಆಗಲೂ ನಿರಾಶ್ರಿತರ ಕಾನೂನು ಇರಲಿಲ್ಲ, ಈಗಲೂ ಇಲ್ಲ. ಇದ್ದದ್ದು ದೆಹಲಿಯ ಮನಸ್ಸು. ಶ್ರೀಲಂಕಾದ ತಮಿಳರಿಗೆ ತಮಿಳುನಾಡಿನಲ್ಲಿ ಬೇರೆ ವ್ಯವಸ್ಥೆ, ಚಿನ್‌ಗಳಿಗೆ ಇನ್ನೂ ಬೇರೆ. ಒಂದೇ ದೇಶ, ಬಂದವರು ಯಾರು, ಬಿಟ್ಟು ಬಂದ ದೇಶ ಯಾವುದು ಎಂಬುದರ ಮೇಲೆ ಮೂರು ಥರದ ಬದುಕು. ಮ್ಯಾನ್ಮಾರ್ ಸೇನೆಯ ಜೊತೆ ಮಾತುಕತೆ ಕೆಡಿಸಿಕೊಳ್ಳಲು ದೆಹಲಿಗೆ ಇಷ್ಟವಿಲ್ಲ. ಗಡಿ, ಬಂಡುಕೋರರು, ಚೀನಾದ ಪ್ರಭಾವ ಎಲ್ಲ ಲೆಕ್ಕಕ್ಕೆ ಬರುತ್ತವೆ. ಆ ಲೆಕ್ಕ ತಪ್ಪೆಂದು ನಾನು ಹೇಳುತ್ತಿಲ್ಲ. ಅದರ ಬಿಲ್ಲನ್ನು ಒಂದು ಹೊಳೆ ಬದಿಯ ಊರು ಕಟ್ಟುತ್ತಿದೆ ಎಂದಷ್ಟೇ ಹೇಳುತ್ತಿದ್ದೇನೆ.

ಮಿಜೋರಾಂ ಸರ್ಕಾರ ತನ್ನದೇ ಒಂದು ಉಪಾಯ ಮಾಡಿತು. 2022ರಲ್ಲಿ ಬಂದವರಿಗೆ ತಾತ್ಕಾಲಿಕ ಗುರುತಿನ ಚೀಟಿ ಕೊಟ್ಟಿತು. ರಾಜ್ಯದಲ್ಲಿ ಇರುವುದಕ್ಕೆ ಮಾತ್ರ, ಹೊರಗೆ ಹೋಗಲು ಅಲ್ಲ, ಸರ್ಕಾರಿ ಸವಲತ್ತಿಗೂ ಅಲ್ಲ. ಆಧಾರ್ ಇಲ್ಲ, ಪಡಿತರ ಚೀಟಿ ಇಲ್ಲ. ಬ್ಯಾಂಕ್ ಖಾತೆಗೂ ದಾರಿ ಕಷ್ಟ. ಅಮೆರಿಕದ ಇಂಡಿಯಾನಾದಲ್ಲಿ ನೆಲೆಸಿದ ಚಿನ್ ಸಮುದಾಯ ದೊಡ್ಡದು. ಅಲ್ಲಿಂದ ಅಣ್ಣನೋ ತಂಗಿಯೋ ಕಳಿಸುವ ದುಡ್ಡೂ ಊರಿನ ಯಾರದೋ ಖಾತೆ ಸುತ್ತಿಕೊಂಡು ಬರಬೇಕು. ಆ ಕಡೆಗೆ ಹೋಗುವ ಆಸೆ ಇದ್ದವರಿಗೆ 2025ರ ಜೂನ್‌ನಲ್ಲಿ ಇನ್ನೊಂದು ಪೆಟ್ಟು. ಪ್ರವೇಶ ನಿಷೇಧಿಸಿದ ದೇಶಗಳ ಪಟ್ಟಿಯಲ್ಲಿ ಅಮೆರಿಕ ಮ್ಯಾನ್ಮಾರನ್ನೂ ಸೇರಿಸಿತು.

ಬಯೊಮೆಟ್ರಿಕ್ ಜಗಳವೂ ಇದೇ ಎಳೆಯದ್ದು. ಬೆರಳಚ್ಚು, ಕಣ್ಣಿನ ಗುರುತು ತೆಗೆದುಕೊಳ್ಳಿ ಎಂದು ಕೇಂದ್ರ 2023ರಲ್ಲಿ ಹೇಳಿತು. ಮಣಿಪುರ ಶುರುಮಾಡಿತು. ಮಿಜೋರಾಂ ಸಚಿವ ಸಂಪುಟ ಆ ಸೆಪ್ಟೆಂಬರ್‌ನಲ್ಲಿ ಆಗುವುದಿಲ್ಲ ಎಂದಿತು. ಚುನಾವಣೆ ಹತ್ತಿರವಿತ್ತು, ಅದೂ ನಿಜ. ಅಂದು ಕೊಟ್ಟ ಕಾರಣ, ರಕ್ತಸಂಬಂಧಿಗಳ ಬೆರಳಚ್ಚು ತೆಗೆಯುವುದು ತಾರತಮ್ಯ ಎಂದು. ಡಿಸೆಂಬರ್‌ನಲ್ಲಿ ಲಾಲ್‌ದುಹೋಮಾ ಮುಖ್ಯಮಂತ್ರಿಯಾದರು. 2025ರ ಜುಲೈ ಹೊತ್ತಿಗೆ ಅದೇ ಕೆಲಸ ಮಿಜೋರಾಂನಲ್ಲೂ ಶುರುವಾಯಿತು. ಎರಡು ವರ್ಷದಲ್ಲಿ ಮಾತು ಬದಲಾದದ್ದು ಪಕ್ಷ ಬದಲಾದದ್ದಕ್ಕೆ ಮಾತ್ರ ಅಲ್ಲ ಎಂದು ನನ್ನ ಅಂದಾಜು. ಮಾದಕ ವಸ್ತುಗಳ ಸಾಗಣೆಯಲ್ಲಿ ಸಿಕ್ಕಿಬೀಳುವವರ ಸುದ್ದಿ ವಾರವಾರ ಬರುತ್ತಿತ್ತು, ಝೋಖಾವ್ತಾರ್ ಹೆಸರು ಅದರಲ್ಲಿ ಮತ್ತೆ ಮತ್ತೆ ಬರುತ್ತಿತ್ತು. ತಪ್ಪು ಮಾಡಿದವರ ಗುರುತಿನ ಚೀಟಿ ಕಿತ್ತುಕೊಳ್ಳುತ್ತೇವೆ ಎಂದು ಸರ್ಕಾರವೇ ಎಚ್ಚರಿಸಿತು. ಸಾಗಣೆ ಮಾಡುವವರು ಬೇರೆ, ಟಾರ್ಪಾಲಿನ ಕೆಳಗೆ ಇರುವವರು ಬೇರೆ. ಆದರೆ ಹೊರಗಿನಿಂದ ನೋಡುವವರಿಗೆ ಇಬ್ಬರೂ 'ಬರ್ಮಾದವರು'. ಕಾಗದ ಇಲ್ಲದಾಗ ಒಬ್ಬನ ತಪ್ಪು ಎಲ್ಲರ ಮೇಲೆ ಬೀಳುವುದು ಹೀಗೆ. 2003ರಲ್ಲಿ ಆದದ್ದೂ ಇದೇ ಅಲ್ವಾ?

ಬೆರಳಚ್ಚಿನ ಬಗ್ಗೆ ನನಗೆ ಎರಡು ಮನಸ್ಸು. ಹೆಸರು ಪಟ್ಟಿಗೆ ಸೇರಿದರೆ ಔಷಧ, ಅಕ್ಕಿ ಲೆಕ್ಕ ಹಾಕಲು ಸುಲಭ. ಅದೇ ಪಟ್ಟಿ ನಾಳೆ ವಾಪಸ್ ಕಳಿಸುವ ಪಟ್ಟಿಯೂ ಆಗಬಹುದು. ಯಾವುದಕ್ಕೆ ಎಂದು ಬರೆದುಕೊಡುವ ಕಾನೂನು ಇಲ್ಲದಿರುವಾಗ ಹೆದರುವವರನ್ನು ದೂರಲಾಗದು.

ಗಡಿಯ ಸಂಚಾರದ ನಿಯಮವೂ ಬಿಗಿಯಾಗಿದೆ. ಭಾರತ-ಮ್ಯಾನ್ಮಾರ್ ಗಡಿ 1,643 ಕಿಲೋಮೀಟರ್, ಮಿಜೋರಾಂ ಪಾಲು 510. ಮೊದಲು ಎರಡೂ ಕಡೆಯ ಗಡಿವಾಸಿಗಳು 16 ಕಿಲೋಮೀಟರ್ ಒಳಗಿನವರೆಗೆ ವೀಸಾ ಇಲ್ಲದೆ ಹೋಗಿಬರಬಹುದಿತ್ತು. 2024ರ ಫೆಬ್ರವರಿಯಲ್ಲಿ ಇದನ್ನು ರದ್ದು ಮಾಡುವುದಾಗಿ ಗೃಹ ಸಚಿವ ಅಮಿತ್ ಶಾ ಹೇಳಿದರು. ಮಿಜೋರಾಂ ವಿಧಾನಸಭೆ ಅದೇ ತಿಂಗಳು ವಿರೋಧದ ನಿರ್ಣಯ ಮಾಡಿತು. ಕೊನೆಗೆ ಆ ಡಿಸೆಂಬರ್‌ನಲ್ಲಿ ಪೂರ್ತಿ ರದ್ದಿನ ಬದಲು 10 ಕಿಲೋಮೀಟರ್, ಏಳು ದಿನದ ಪಾಸ್ ಎಂಬ ವ್ಯವಸ್ಥೆ ಬಂತು. ಜೊತೆಗೆ ಇಡೀ ಗಡಿಗೆ ಬೇಲಿ ಹಾಕುವ ಯೋಜನೆ ಇದೆ. ಗಮ್ಮತ್ತೆಂದರೆ, ಬೆಂಗಳೂರಿನಿಂದ ಮಿಜೋರಾಂಗೆ ಹೋಗುವ ನನಗೂ ನಿಮಗೂ ಇನ್ನರ್ ಲೈನ್ ಪರ್ಮಿಟ್ ಬೇಕು. 1873ರ ನಿಯಮ ಅದು. ಆ ಊರಿನ ಲೆಕ್ಕದಲ್ಲಿ ಹೊಳೆಯಾಚೆಯವರಿಗಿಂತ ನಾವೇ ಹೊರಗಿನವರು.

ಬೇಲಿ, ಪಾಸ್ ಎಲ್ಲ ಶಾಂತಿ ಇದ್ದಾಗಿನ ಲೆಕ್ಕ. 2025ರ ಜುಲೈ ಮೊದಲ ವಾರ ಆಚೆ ಬದಿಯಲ್ಲಿ ಎರಡು ಚಿನ್ ಗುಂಪುಗಳೇ ತಮ್ಮೊಳಗೆ ಹೊಡೆದಾಡಿಕೊಂಡವು. ಆಗಲೂ ಝೋಖಾವ್ತಾರ್ ಮತ್ತು ಪಕ್ಕದ ಸಾಯ್ಖುಮ್‌ಫಾಯ್‌ಗೆ ಸುಮಾರು 4,000 ಜನ ಬಂದರು. ಯಾರೂ ಪಾಸ್ ಮಾಡಿಸಿಕೊಂಡು ಬರಲಿಲ್ಲ. ಸದ್ದು ನಿಂತಾಗ ಒಂದಷ್ಟು ಮಂದಿ ವಾಪಸ್ ಹೋಗುತ್ತಾರೆ. ಬಿತ್ತನೆ ಇರುತ್ತದೆ, ದನ ಇರುತ್ತದೆ, ಮನೆಯ ತಗಡು ಯಾರಾದರೂ ಬಿಚ್ಚಿಕೊಂಡು ಹೋದರೇನೋ ಎಂಬ ಆತಂಕ ಇರುತ್ತದೆ. ಮತ್ತೆ ಸದ್ದಾದರೆ ಮತ್ತೆ ಈ ಕಡೆ. ಹೀಗಾಗಿ ಇಲ್ಲಿನ ಶಿಬಿರದ ಲೆಕ್ಕ ಯಾವತ್ತೂ ಒಂದೇ ಥರ ಇರುವುದಿಲ್ಲ. ಸಹಾಯ ಕಳಿಸುವವರಿಗೆ ಇದು ದೊಡ್ಡ ತಲೆನೋವು. ಎಷ್ಟು ಚೀಲ ಅಕ್ಕಿ ಎಂದು ಕೇಳಿದರೆ ಊರಿನವರು ಹೊಳೆಯ ಕಡೆ ನೋಡಬೇಕು.

ನಮ್ಮ ಭಾಷೆಯಲ್ಲಿ ಒಂದು ವಿಚಿತ್ರ ಇದೆ. ಆಶ್ರಯ ಸಿಕ್ಕಿದ ಮೇಲೂ ನಾವು 'ನಿರಾಶ್ರಿತ' ಎಂದೇ ಕರೆಯುತ್ತೇವೆ, ಅಂದರೆ ಆಶ್ರಯ ಇಲ್ಲದವರು ಎಂದು. ಝೋಖಾವ್ತಾರ್ ಮಟ್ಟಿಗೆ ಅದು ಸರಿಯಾಗಿಯೇ ಕೂರುತ್ತದೆ. ಅಲ್ಲಿ ಸೂರು ಇದೆ, ಊಟ ಇದೆ, ಊರಿನವರ ಮುಖದ ಗುರುತಿದೆ. ಅದೆಲ್ಲ ನಾಳೆಯೂ ಇರುತ್ತದೆ ಎನ್ನುವ ಒಂದು ಹಾಳೆ ಮಾತ್ರ ಇಲ್ಲ.

ಒಂದು ಕಡೆ ಮಾತ್ರ ಕಾನೂನು ಅವರನ್ನು ಒಳಗೆ ಬಿಟ್ಟಿದೆ. ಶಾಲೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕು ವರ್ಷದ 'ಪ್ರತಿ ಮಗು' ಎನ್ನುತ್ತದೆ, ಪ್ರತಿ ಪ್ರಜೆ ಎನ್ನುವುದಿಲ್ಲ. ಮಿಜೋರಾಂ ಶಿಕ್ಷಣ ಇಲಾಖೆ 2021ರಲ್ಲೇ ಅದನ್ನು ಹಿಡಿದುಕೊಂಡು ಮ್ಯಾನ್ಮಾರ್‌ನ ಮಕ್ಕಳನ್ನು ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಲು ಹೇಳಿತು. ಆ ವರ್ಷ ಹೊಳೆ ದಾಟಿದ ಹತ್ತು ವರ್ಷದ ಹುಡುಗಿಗೆ 2025ಕ್ಕೆ ಹದಿನಾಲ್ಕು. ಬಂದಾಗ ಮಿಜೋ ಓದಲು ಬಾರದಿದ್ದವಳು ಈಗ ಅದರಲ್ಲೇ ಪರೀಕ್ಷೆ ಬರೆಯುತ್ತಾಳೆ. 'ಪ್ರತಿ ಮಗು' ಎಂಬ ಆ ಎರಡು ಪದಗಳ ಆಸರೆ ಅವಳಿಗೆ ಅಲ್ಲಿಗೆ ಮುಗಿಯುತ್ತದೆ. ಮುಂದೆ ಹತ್ತನೇ ತರಗತಿ, ಕಾಲೇಜು. ಅರ್ಜಿಯಲ್ಲಿ 'ರಾಷ್ಟ್ರೀಯತೆ' ಎಂಬ ಜಾಗ ಬರುತ್ತದೆ. ಅವಳ ಕೈಯಲ್ಲಿರುವುದು ರಾಜ್ಯ ಸರ್ಕಾರ ಕೊಟ್ಟ ಆ ತಾತ್ಕಾಲಿಕ ಚೀಟಿ.